ಆ ಉಬ್ಬು ಯಾರದ್ದು, ಪುಟ್ಟಿ?

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದದಲ್ಲಿ ಉಳಿದದ್ದೆಲ್ಲ ಓದಿ ಮಡಿಸಿಟ್ಟೆ. ಒಂದು ಸಾಲು ಮಾತ್ರ ತಲೆಯಿಂದ ಹೋಗಲಿಲ್ಲ. ರೋಗಿಗಳ ಸಾವಿನ ಅಪಾಯ ಕಾಲ ಕಳೆದಂತೆ ಹೇಗೆ ಏರಿಳಿಯುತ್ತೆ ಅಂತ ನೀನು ಎಳೆದ ಸ್ಪ್ಲೈನ್ ಗೆರೆಯಲ್ಲಿ ನಾಟ್ (ಗೆರೆಯ ತುಂಡುಗಳು ಕೂಡುವ ಗಂಟು) ಸ್ವಲ್ಪ ಸರಿಸಿದರೆ ಎರಡನೇ ವರ್ಷದಲ್ಲಿ ಅಪಾಯದ ಉಬ್ಬು ಏಳುತ್ತೆ, ಸರಿಸದಿದ್ದರೆ ಮಾಯ, "ಹಾಗಾದರೆ ಆ ಉಬ್ಬು ರೋಗದ್ದೋ, ನನ್ನದೋ?" ಎಂದಿದ್ದೀಯ. ರಾತ್ರಿ ಎರಡು ಸಲ ಎದ್ದು ನೀರು ಕುಡಿದೆ.

ನನಗೂ ಹೀಗೇ ಆಗಿತ್ತು. ಯಾವ ಆಸ್ಪತ್ರೆ ಅನ್ನೋದು ಬೇಡ. ರಾಯ್‌ಸ್ಟನ್ ಮತ್ತು ಪರ್ಮಾರ್ ಇಂಥ ಗೆರೆಗಳ ಬಗ್ಗೆ 2002ರಲ್ಲಿ ಬರೆದ ಪೇಪರ್ ಓದಿ ಹುರುಪಿನಲ್ಲಿದ್ದೆ. ನನ್ನ ಕೈಲಿದ್ದದ್ದು ಸ್ತನ ಕ್ಯಾನ್ಸರಿನ ಡೇಟಾ. 18ನೇ ತಿಂಗಳಲ್ಲಿ ಅಪಾಯ ಏರುತ್ತೆ ಅಂತ ದೊಡ್ಡ ಡಾಕ್ಟರಿಗೆ ಮೊದಲೇ ಅನಿಸಿತ್ತು. ನಾನು ಅಲ್ಲೇ ಒತ್ತೊತ್ತಾಗಿ ಎರಡು ನಾಟ್ ಇಟ್ಟೆ. ಉಬ್ಬು ಎದ್ದಿತು. ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸಿದರು, ನಾನೂ ಬೀಗಿದೆ.

ಎಷ್ಟೋ ದಿನಗಳ ಮೇಲೆ ಫೈಲು ತೆಗೆದು ಎಣಿಸಿದೆ. ಆ ಎರಡು ನಾಟ್‌ಗಳ ನಡುವೆ ಇದ್ದದ್ದು ಏಳೇ ಸಾವು. 18ನೇ ತಿಂಗಳ ತಪಾಸಣೆಗೆ ಬಾರದವರ ಮನೆಗೆ ಕಾರ್ಡ್ ಹೋಗುತ್ತಿತ್ತು. ಏಳರಲ್ಲಿ ನಾಲ್ಕಕ್ಕೆ, ಮನೆಯವರ ಉತ್ತರ ಬಂದ ದಿನವನ್ನೇ ಸಾವಿನ ದಿನ ಅಂತ ಬರೆದಿದ್ದರು. ನೀಲಿ ಇಂಕು, ಒಂದೇ ಕೈಬರಹ. ಅಂದರೆ ಉಬ್ಬು ರೋಗದ್ದೂ ಅಲ್ಲ, ಪೂರ್ತಿ ನನ್ನದೂ ಅಲ್ಲ. ಅಂಚೆಯದ್ದು. ಅಷ್ಟರಲ್ಲಿ ವರದಿ ಅಚ್ಚಾಗಿತ್ತು. ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ಅದು ಚುಚ್ಚುತ್ತೆ.

ನಿನಗೆ ಪಾಠ ಹೇಳೋಷ್ಟು ದೊಡ್ಡವನಲ್ಲ ನಾನು, ಈಗಿನ ಸಾಫ್ಟ್‌ವೇರೂ ನನಗೆ ಬಾರದು. ಆದರೂ, ಹೊರಗಿನ ಎರಡು ನಾಟ್ ಮೊದಲ ಮತ್ತು ಕೊನೆಯ ಸಾವಿನ ಹತ್ತಿರ, ಒಳಗಿನವು ಸಾವಿನ ಸಮಯಗಳ ಶೇಕಡಾ 25, 50, 75ರಲ್ಲಿ ಇದ್ದರೆ ಸಾಕು. ಸೆನ್ಸಾರ್ ಆದವರನ್ನು, ಅಂದರೆ ನಾವು ನೋಡಿದಷ್ಟು ಕಾಲದಲ್ಲಿ ಸಾವು ದಾಖಲಾಗದವರನ್ನು, ಆ ಲೆಕ್ಕಕ್ಕೆ ಸೇರಿಸಬೇಡ. ತಾಳಿಗೂ ಮೂರೇ ಗಂಟು, ಅದಕ್ಕೆ ಯಾರೂ ಎಐಸಿ (ಯಾವ ಮಾದರಿ ವಾಸಿ ಅಂತ ಹೋಲಿಸುವ ಅಂಕ) ನೋಡಿದ್ದು ಕಾಣೆ! ಒಳಗೆ ಒಂದೂ ನಾಟ್ ಇಲ್ಲದಿದ್ದರೆ ಅದು ಹಳೇ ವೈಬುಲ್ ಮಾದರಿ ಅಷ್ಟೇ, ಅದರಲ್ಲಿ ಉಬ್ಬೇ ಏಳದು. ಜಾಗಕ್ಕಿಂತ ಎಷ್ಟು ನಾಟ್ ಅನ್ನೋದೇ ಸಾಮಾನ್ಯವಾಗಿ ಜಾಸ್ತಿ ಮುಖ್ಯ.

ಹಿಂದೆ ಹಡಗಿನ ನಕ್ಷೆ ಬಿಡಿಸುವವರು ತೆಳು ಮರದ ಪಟ್ಟಿ ಬಗ್ಗಿಸಿ, ಮೇಲೆ ಸೀಸದ ತೂಕ ಇಟ್ಟು ಗೆರೆ ಎಳೆಯುತ್ತಿದ್ದರು. ಆ ಪಟ್ಟಿಯ ಹೆಸರೇ ಸ್ಪ್ಲೈನ್. ಅವರಿಗೆ ಹಡಗು ಹೇಗಿರಬೇಕು ಅಂತ ಗೊತ್ತಿತ್ತು, ಬೇಕಾದಲ್ಲಿ ತೂಕ ಇಟ್ಟರು. ನಮಗೆಲ್ಲಿ ಗೊತ್ತು? ಗೊತ್ತಿದ್ದವರ ಹಾಗೆ ನಾನು ತೂಕ ಇಟ್ಟೆ, ಅದೇ ಆಗಿದ್ದು.

ನೀನು ಮೂರು, ನಾಲ್ಕು, ಐದು ನಾಟ್ ಹಾಕಿ ಎಲ್ಲ ಗೆರೆಗಳನ್ನೂ ಒಂದೇ ಚಿತ್ರದಲ್ಲಿ ತೋರಿಸಿಬಿಡು. ಸರಿಸಿ ನೋಡಿದ್ದನ್ನೂ ಬರಿ, ಮುಚ್ಚಿಡಬೇಡ. ಸರಿಸಿದ್ದು ತಪ್ಪಲ್ಲ. ಕೊನೇ ನಾಟ್ ಆಚೆ ಗೆರೆ ಸುಮ್ನೆ ನೇರ ಹೋಗುತ್ತೆ, ಅದನ್ನು ನಂಬಿ ಹತ್ತು ವರ್ಷದ ಭವಿಷ್ಯ ಹೇಳಬೇಡ.

ಮತ್ತೆ ಅದೇ ಉಬ್ಬಿನ ಮಾತು. ಅದರ ಕೆಳಗೆ ಎಷ್ಟು ಸಾವು ಇವೆ, ಅವುಗಳ ದಿನಾಂಕ ಯಾರು ಬರೆದದ್ದು, ಎಣಿಸಿ ತಿಳಿಸು. ಕಾಗದದಲ್ಲೇ ಬರಿ. ಫೋನ್ ಮಾಡಿದರೆ ನಿನ್ನ ದೊಡ್ಡಮ್ಮ ಕಿತ್ತುಕೊಳ್ತಾಳೆ.

ಇಂತಿ,
ನಿನ್ನ ದೊಡ್ಡಪ್ಪ