ಎಷ್ಟು ಎಪಿ ತಗೋತೀಯಮ್ಮ?

ಎಲ್ಲರಿಗೂ ಸಂಕ್ರಾಂತಿಯ ಶುಭಾಶಯಗಳು.

ಮೊನ್ನೆ ಇಲ್ಲಿ ಕ್ಯಾಲಿಫೋರ್ನಿಯಾದ ನಮ್ಮ ಕನ್ನಡ ಸಂಘದ ಹಬ್ಬದೂಟದಲ್ಲಿ ಹೆಣ್ಣುಮಕ್ಕಳು ಎಳ್ಳು ಬೀರುತ್ತಿದ್ದರು. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನಮ್ಮ ಮೇಜಿಗೂ ಬಂದಳು. ಕೈಯಲ್ಲಿ ಸ್ಟೀಲ್ ತಟ್ಟೆ, ಅದರಲ್ಲಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು. ಒಬ್ಬರು ಕೇಳಿದರು, "ಮುಂದಿನ ವರ್ಷ ಎಷ್ಟು ಎಪಿ ತಗೋತೀಯಮ್ಮ?" "ಎರಡು, ಆಂಟಿ" ಅಂದಳು. "ಎರಡೇನಾ?" ಅಂತ ಇವರು. ಅವಳು ಏನೂ ಹೇಳಲಿಲ್ಲ. ತಟ್ಟೆಯಲ್ಲಿದ್ದ ಸಕ್ಕರೆ ಅಚ್ಚುಗಳನ್ನು ಸುಮ್ನೆ ಸಾಲಾಗಿ ಜೋಡಿಸುತ್ತಾ ನಿಂತಳು.

ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜ್ ಮಟ್ಟದ ಕೋರ್ಸ್. ಕೇಳಿದವರದು ಕೆಟ್ಟ ಮನಸ್ಸೇನಲ್ಲ. ನಾಲ್ಕು ವರ್ಷದ ಹಿಂದೆ ಸಿಕ್ಕಸಿಕ್ಕವರನ್ನೆಲ್ಲ ನಾನೂ ಇದನ್ನೇ ಕೇಳುತ್ತಿದ್ದೆ. ಇಬ್ಬರು ಮಕ್ಕಳನ್ನು ಹೈಸ್ಕೂಲಿಗೆ ಕಳಿಸಿದ ಮೇಲೆ ಒಂದಿಷ್ಟು ಗೊತ್ತಾಗಿದೆ. ಮುಂದಿನ ವರ್ಷದ ಕೋರ್ಸ್ ಆರಿಸುವ ಫಾರಂ ಮಕ್ಕಳ ಕೈಗೆ ಬರುವುದು ಜನವರಿಯಿಂದ ಮಾರ್ಚ್ ಒಳಗೆ. ಅದಕ್ಕೇ ಈ ಸಲದ ಸಂಪಾದಕೀಯ ಇದರ ಬಗ್ಗೆ.

ನಮಗೆ ಗೊಂದಲ ಆಗುವುದು ಸಹಜ. ಊರಲ್ಲಿ ಎಸ್ಸೆಸ್ಸೆಲ್ಸಿ ಆದ ಮೇಲೆ ಒಂದೇ ಸಲ ತೀರ್ಮಾನ. ಸೈನ್ಸೋ, ಕಾಮರ್ಸೋ, ಆರ್ಟ್ಸೋ. ಪಿಸಿಎಂಬಿ ಅಂತ ಬರೆದು ಕೊಟ್ಟರೆ ಮುಗಿಯಿತು, ನಾಲ್ಕೂ ವಿಷಯ ಎಲ್ಲರಿಗೂ ಒಂದೇ ಮಟ್ಟದ್ದು. ಹದಿನಾರಕ್ಕೇ "ಕಾಲೇಜಿಗೆ ಹೋಗ್ತಿದ್ದೀನಿ" ಅಂತ ಹೇಳಿಕೊಂಡವರು ನಾವು. ಇಲ್ಲಿ ಆ ಎರಡು ವರ್ಷವೂ ಹೈಸ್ಕೂಲೇ. ಆದರೆ ಒಂದೊಂದು ವಿಷಯಕ್ಕೂ ಮಟ್ಟ ಬೇರೆ ಬೇರೆ: ಮಾಮೂಲಿ, ಅದಕ್ಕಿಂತ ಕಷ್ಟದ ಆನರ್ಸ್, ಆಮೇಲೆ ಎಪಿ. ಗಣಿತದಲ್ಲಿ ಎಪಿ ತೆಗೆದುಕೊಂಡ ಮಗು ಇಂಗ್ಲಿಷಿನಲ್ಲಿ ಮಾಮೂಲಿ ಕ್ಲಾಸಿನಲ್ಲಿ ಕೂರಬಹುದು. ಅದರಲ್ಲಿ ಯಾವ ಅವಮಾನವೂ ಇಲ್ಲ.

ಎಪಿಯ ಪೂರ್ತಿ ಹೆಸರು ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್. 1950ರ ದಶಕದಲ್ಲಿ ಶುರುವಾದದ್ದು. ಕಾಲೇಜ್ ಸೇರಲು ಬರೆಯುವ ಎಸ್ಎಟಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡೇ ಇದನ್ನೂ ನಡೆಸುತ್ತದೆ. ಹೆಚ್ಚುಕಮ್ಮಿ 40 ವಿಷಯಗಳಿವೆ. ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠ, ಹೇಳಿಕೊಡುವವರು ಹೈಸ್ಕೂಲಿನ ಮೇಷ್ಟ್ರೇ. ಮೇ ತಿಂಗಳಲ್ಲಿ ಎರಡು ವಾರ ಪರೀಕ್ಷೆಗಳು. ಒಂದೊಂದಕ್ಕೂ ಸುಮಾರು 100 ಡಾಲರ್ ಫೀಸು. ಹೆಸರು ಕೊಡುವುದು ಮಾತ್ರ ಹಿಂದಿನ ನವೆಂಬರಿನಲ್ಲೇ ಮುಗಿದಿರುತ್ತದೆ. ಆದಾಯ ಕಡಿಮೆ ಇರುವ ಮನೆಗಳಿಗೆ ಫೀಸಿನಲ್ಲಿ ರಿಯಾಯಿತಿ ಇದೆ, ಕೌನ್ಸೆಲರ್ ಹತ್ತಿರ ಕೇಳಲು ಸಂಕೋಚ ಬೇಡ.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಇಲ್ಲಿ ಅಂಕ ಎರಡು ಥರ. ಕ್ಲಾಸಿನ ಗ್ರೇಡ್ ಒಂದು. ಅದನ್ನು ಮೇಷ್ಟ್ರು ವರ್ಷವಿಡೀ ನೋಡಿ ಕೊಡುತ್ತಾರೆ, ಅದು ಟ್ರಾನ್ಸ್‌ಕ್ರಿಪ್ಟಿಗೆ, ಅಂದರೆ ಸ್ಕೂಲಿನ ಅಂಕಪಟ್ಟಿಗೆ ಹೋಗುತ್ತದೆ. ಮೇ ಪರೀಕ್ಷೆಯ ಸ್ಕೋರ್ ಇನ್ನೊಂದು. 1ರಿಂದ 5ರ ಒಳಗಿನ ಆ ಸ್ಕೋರ್ ಜುಲೈನಲ್ಲಿ ಬರುತ್ತದೆ. ಹನ್ನೆರಡನೇ ಕ್ಲಾಸಿನ ಮಗುವಿಗೆ ಅಷ್ಟು ಹೊತ್ತಿಗೆ ಕಾಲೇಜ್ ಸೀಟು ಸಿಕ್ಕಿಯೇ ಆಗಿರುತ್ತದೆ. ಆ ಸ್ಕೋರಿನಿಂದ ಅಡ್ಮಿಷನ್‌ಗೆ ಏನೂ ಆಗಬೇಕಾಗಿಲ್ಲ, ಕಾಲೇಜಿನಲ್ಲಿ ಕ್ರೆಡಿಟ್ (ಆ ಪಾಠ ಆಗಲೇ ಓದಿ ಮುಗಿಸಿದಂತೆ ಲೆಕ್ಕ) ಸಿಗುತ್ತದೋ ಇಲ್ಲವೋ ಅನ್ನುವುದಷ್ಟೇ ಲೆಕ್ಕ. ಇದು ಗೊತ್ತಿಲ್ಲದೆ ಮೇ ತಿಂಗಳಿಡೀ ಮನೆಯಲ್ಲಿ ಟಿವಿ ಬಂದ್ ಮಾಡಿ ಕೂತವರನ್ನು ನಾನು ನೋಡಿದ್ದೇನೆ.

ಆ ಕ್ರೆಡಿಟ್ಟೂ ಎಲ್ಲ ಕಡೆ ಒಂದೇ ಥರ ಸಿಗುವುದಿಲ್ಲ. ನಮ್ಮ ಯುಸಿಗಳಲ್ಲಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಲ್ಲಿ, 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಯೂನಿಟ್ (ಕ್ರೆಡಿಟ್ ಅಳೆಯುವ ಲೆಕ್ಕ) ಕೊಡುತ್ತಾರೆ. ಆದರೆ ಅದು ಮಗು ಓದಬೇಕೆಂದಿರುವ ಮೇಜರ್‌ನ (ಮುಖ್ಯ ವಿಷಯದ) ಯಾವ ಕೋರ್ಸಿಗೆ ಬದಲಾಗುತ್ತದೆ ಎಂಬುದನ್ನು ಒಂದೊಂದು ಕ್ಯಾಂಪಸ್ ಒಂದೊಂದು ರೀತಿ ನೋಡುತ್ತದೆ. ಇದೇ ರಾಜ್ಯದ ಕ್ಯಾಲ್‌ಟೆಕ್‌ನಲ್ಲಿ 5 ಬಂದರೂ ಕ್ರೆಡಿಟ್ ಇಲ್ಲ. "ಎಪಿ ತಗೊಂಡರೆ ಒಂದು ವರ್ಷದ ಫೀಸು ಉಳಿಯುತ್ತೆ" ಎಂಬ ಮಾತು ಕೆಲವರಿಗೆ ನಿಜ, ಕೆಲವರಿಗೆ ಸುಳ್ಳು. ಮಗು ಇಷ್ಟಪಡುವ ನಾಲ್ಕೈದು ಕಾಲೇಜುಗಳ ವೆಬ್‌ಸೈಟಿನಲ್ಲಿ ಎಪಿ ಕ್ರೆಡಿಟ್ ಪಟ್ಟಿ ಇರುತ್ತದೆ. ಒಂದು ಸಂಜೆ ಇಬ್ಬರೂ ಜೊತೆಗೆ ಕೂತು ನೋಡಿ.

ಇನ್ನು ಎಷ್ಟು ಎಂಬ ಪ್ರಶ್ನೆ. ಯುಸಿಗಳು ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕ ಹಾಕುವಾಗ ಎಪಿಯಂಥ ಕೋರ್ಸಿಗೆ ಒಂದು ಪಾಯಿಂಟ್ ಜಾಸ್ತಿ ಕೊಡುತ್ತವೆ. ಆದರೆ ಅದಕ್ಕೆ ಮಿತಿ ಇದೆ: ಎಂಟು ಸೆಮಿಸ್ಟರ್, ಅಂದರೆ ವರ್ಷಪೂರ್ತಿಯ ನಾಲ್ಕು ಕೋರ್ಸಿನಷ್ಟು. ಒಂಬತ್ತನೇ ಕ್ಲಾಸಿನ ಗ್ರೇಡುಗಳು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಕಷ್ಟದ ಕೋರ್ಸುಗಳನ್ನು ಅವರು ಬೇರೆಯಾಗಿಯೂ ಗಮನಿಸುತ್ತಾರೆ, ನಿಜ. ಆದರೂ ಮಗು ಓದುವ ಸ್ಕೂಲಿನಲ್ಲಿ ಏನೇನು ಸಿಗುತ್ತದೋ ಅದರಲ್ಲಿ ಏನು ಆರಿಸಿಕೊಂಡಿತು ಎಂದು ನೋಡುತ್ತಾರೆಯೇ ಹೊರತು, ಬೇರೆ ಊರಿನ ಸ್ಕೂಲಿನ ಮಗುವಿನ ಜೊತೆ ಎಣಿಸಿ ನೋಡುವುದಿಲ್ಲ. ಹತ್ತು ಎಪಿ ತೆಗೆದುಕೊಂಡ ಪಕ್ಕದ ಊರಿನ ಹುಡುಗನ ಸುದ್ದಿ ಊಟದ ಮೇಜಿನಲ್ಲಿ ಯಾಕೆ ಬೇಕು, ಹೇಳಿ.

ಕೆಲವು ಸ್ಕೂಲುಗಳಲ್ಲಿ ಎಪಿ ಬದಲು ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಇದೆ. ಜಿನೀವಾದಿಂದ ಬಂದ ಪದ್ಧತಿ, ಕೊನೆಯ ಎರಡು ವರ್ಷದ ಪೂರ್ತಿ ಡಿಪ್ಲೊಮಾ, 45ಕ್ಕೆ ಅಂಕ, ಜೊತೆಗೆ 4,000 ಪದಗಳವರೆಗಿನ ಒಂದು ಪ್ರಬಂಧ. ಬರವಣಿಗೆ ಇಷ್ಟಪಡುವ ಮಕ್ಕಳಿಗೆ ಒಗ್ಗುತ್ತದೆ.

ಮೂರನೆಯ ದಾರಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ನಮ್ಮ ಮನೆಯಲ್ಲಿ ಪೆಟ್ಟು ಬಿದ್ದದ್ದು ಅಲ್ಲೇ. ಡ್ಯುಯಲ್ ಎನ್‌ರೋಲ್‌ಮೆಂಟ್. ಹೈಸ್ಕೂಲಿನಲ್ಲಿ ಇರುವಾಗಲೇ ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ನಿಜವಾದ ಕೋರ್ಸಿಗೆ ಸೇರುವುದು. ರಾಜ್ಯದ ಮಟ್ಟದಲ್ಲಿ ಇದನ್ನು ಮೊದಲು ತಂದದ್ದು ಮಿನೆಸೋಟ, 1985ರಲ್ಲಿ. ವಾಷಿಂಗ್ಟನ್ ರಾಜ್ಯದಲ್ಲಿ ಇದಕ್ಕೆ ರನ್ನಿಂಗ್ ಸ್ಟಾರ್ಟ್ ಎನ್ನುತ್ತಾರೆ, ಒಹಾಯೊದಲ್ಲಿ ಕಾಲೇಜ್ ಕ್ರೆಡಿಟ್ ಪ್ಲಸ್. ನಮ್ಮಲ್ಲಿ ಕಮ್ಯುನಿಟಿ ಕಾಲೇಜಿನ ಒಂದು ಯೂನಿಟ್‌ಗೆ 46 ಡಾಲರ್. ಹೈಸ್ಕೂಲ್ ಮಕ್ಕಳಿಗೆ ಸಾಮಾನ್ಯವಾಗಿ ಅದೂ ಮಾಫಿ. ಮೇ ಪರೀಕ್ಷೆಯ ರಗಳೆ ಇಲ್ಲ. ಪಾಸಾದರೆ ಕ್ರೆಡಿಟ್. ಆ ಕೋರ್ಸ್ ಯುಸಿ, ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕ್ಯಾಂಪಸ್‌ಗಳಲ್ಲಿ ನಡೆಯುತ್ತದೆಯೇ ಎಂದು ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ನೋಡಬಹುದು.

ಇಷ್ಟು ಕೇಳಿದ್ದೇ ನಾನು ದೊಡ್ಡ ಮಗನನ್ನು ಹತ್ತನೇ ಕ್ಲಾಸಿನ ಬೇಸಿಗೆಯಲ್ಲಿ ಸ್ಟ್ಯಾಟಿಸ್ಟಿಕ್ಸ್‌ಗೆ ಸೇರಿಸಿದೆ. ಅವನು ಕೇಳಿರಲಿಲ್ಲ. ಆರು ವಾರದ ಕೋರ್ಸ್. ಒಂದು ವಾರ ತಪ್ಪಿದರೆ ಮಾಮೂಲಿ ಸೆಮಿಸ್ಟರಿನ ಮೂರು ವಾರ ತಪ್ಪಿದಂತೆ ಅನ್ನುವುದು ನನಗೆ ಹೊಳೆಯಲಿಲ್ಲ. ಎರಡನೇ ವಾರದಿಂದ ಹುಡುಗ ಊಟಕ್ಕೆ ಕೂತರೂ ಮಾತಿಲ್ಲ. ನಾಲ್ಕನೇ ವಾರ ನಾನೇ ಕಾಲೇಜಿಗೆ ಫೋನ್ ಮಾಡಿದೆ. "ದಾಖಲೆ ವಿದ್ಯಾರ್ಥಿಯದು ಸರ್. ಅವರ ಬರಹದ ಒಪ್ಪಿಗೆ ಇಲ್ಲದೆ ನಿಮಗೆ ಹೇಳುವ ಹಾಗಿಲ್ಲ." ಅವನಿಗೆ ಇನ್ನೂ ಹದಿನಾರು, ನಾನು ಅವನ ಅಪ್ಪ ಅಂದೆ. ಅವರು ಮರ್ಯಾದೆಯಿಂದಲೇ ಅದನ್ನೇ ಮತ್ತೊಮ್ಮೆ ಹೇಳಿದರು.

ತಪ್ಪು ಅವರದಲ್ಲ. ಫೆರ್ಪಾ ಎಂಬ 1974ರ ಕೇಂದ್ರ ಕಾನೂನು ಇದೆ. ಕಾಲೇಜಿಗೆ ಸೇರಿದ ಕೂಡಲೇ, ವಯಸ್ಸು ಎಷ್ಟೇ ಇರಲಿ, ಆ ಕಾಲೇಜಿನ ದಾಖಲೆಯ ಹಕ್ಕು ಮಗುವಿನದು. ಹೆಡ್ ಮಾಸ್ಟರ್ ರೂಮಿಗೆ ಅಪ್ಪ ಹೋಗಿ ಮಾತಾಡಿ ಬರುವುದನ್ನು ನೋಡಿ ಬೆಳೆದ ನಮಗೆ ಇದು ಒಗ್ಗುವುದು ಕಷ್ಟ. ಆ ರಾತ್ರಿ ಮಗ ಲ್ಯಾಪ್‌ಟಾಪ್ ತೆರೆದು ತೋರಿಸಿದ. ಕಾಲೇಜಿನ ಇಮೇಲ್‌ನಲ್ಲಿ ಓದದ ಪತ್ರಗಳು ಮೂವತ್ತಕ್ಕೂ ಮೇಲೆ. ಕೋರ್ಸ್ ಬಿಡಲು ಕೊನೆಯ ದಿನ ಎಂದೋ ಕಳೆದಿತ್ತು. "ಅಪ್ಪಾ, ನಿಂಗೆ ಹೇಳಕ್ಕೆ ಭಯ ಆಯ್ತು" ಅಂದ. ಕೊನೆಗೆ ಬಂದದ್ದು ಸಿ ಗ್ರೇಡ್.

ಆ ಸಿ ಇವತ್ತಿಗೂ ಇದೆ. ಡ್ಯುಯಲ್ ಎನ್‌ರೋಲ್‌ಮೆಂಟ್ ಗ್ರೇಡ್ ಅಂದರೆ ಅದು ಕಾಲೇಜಿನ ಕಾಯಂ ಟ್ರಾನ್ಸ್‌ಕ್ರಿಪ್ಟ್. ಮುಂದೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವವರು ಹೈಸ್ಕೂಲಿನಲ್ಲಿದ್ದಾಗ ಮಾಡಿದ ಕಾಲೇಜ್ ಕೋರ್ಸುಗಳನ್ನೂ ತೋರಿಸಬೇಕು. ಎಪಿಯ ಮೇ ಪರೀಕ್ಷೆಯಲ್ಲಿ 2 ಬಂದರೆ ಆ ಸ್ಕೋರನ್ನು ಎಲ್ಲಿಗೂ ಕಳಿಸದೇ ಇರಬಹುದು. ಇಲ್ಲಿ ಆ ಅನುಕೂಲ ಇಲ್ಲ. ಹಾಗಂತ ಈ ದಾರಿ ಬೇಡ ಅನ್ನುತ್ತಿಲ್ಲ. ಇಷ್ಟಪಟ್ಟು ಸೇರಿದ ಮಕ್ಕಳು ಚೆನ್ನಾಗಿ ಮಾಡಿದ್ದಾರೆ. ಸೇರುವ ಮುಂಚೆ ಎರಡು ಕೆಲಸ ಮಾಡಿ: ಕೋರ್ಸ್ ಬಿಡುವ ಕೊನೆಯ ದಿನವನ್ನು ಬರೆದಿಡಿ, ಕಾಲೇಜಿನ ಇಮೇಲ್ ಯಾರು ಯಾವಾಗ ನೋಡುವುದು ಎಂದು ಮಗುವಿನ ಜೊತೆ ಮಾತಾಡಿಕೊಳ್ಳಿ.

ಮಗಳ ಸರದಿ ಬಂದಾಗ ನಾವು ಬೇರೆ ಥರ ಮಾಡಿದೆವು. ಅಡುಗೆಮನೆಯ ಗೋಡೆಯಲ್ಲಿ ಪ್ರತಿ ವರ್ಷ ಊರಿಂದ ತರಿಸುವ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇರುತ್ತದೆ. ಅದನ್ನು ಇಳಿಸಿ ಮೇಜಿನ ಮೇಲೆ ಇಟ್ಟೆವು. ಮೇ ಪುಟ ತೆಗೆದು ಪರೀಕ್ಷೆಗಳ ದಿನಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದಳು. ಆಮೇಲೆ ಒಂದು ವಾರದ ಲೆಕ್ಕ. ಟ್ರ್ಯಾಕ್ ಪ್ರಾಕ್ಟೀಸ್ ಮುಗಿದು ಮನೆಗೆ ಬರುವುದು ಐದೂವರೆಗೆ. ಶನಿವಾರ ಬೆಳಿಗ್ಗೆ ಭರತನಾಟ್ಯ, ಭಾನುವಾರ ಕನ್ನಡ ಶಾಲೆ. ಅಣ್ಣನ ಅನುಭವದಲ್ಲಿ ಒಂದು ಎಪಿಗೆ ವಾರಕ್ಕೆ ಐದು ಗಂಟೆ ಬೇಕು. ನಾಲ್ಕು ಎಪಿ ಅಂದರೆ ಇಪ್ಪತ್ತು ಗಂಟೆ. ಅವಳೇ ಕೂಡಿ ನೋಡಿ, "ನಿದ್ದೆ ಎಲ್ಲಿ ಹಾಕ್ಲಿ, ಅಮ್ಮ?" ಅಂದಳು. ಬಯಾಲಜಿ ಮತ್ತು ಇತಿಹಾಸ ಉಳಿಸಿಕೊಂಡಳು. ಫಿಸಿಕ್ಸ್ ಮಾಮೂಲಿ ಕ್ಲಾಸಿನಲ್ಲೇ ಓದಿದಳು. ಬಯಾಲಜಿಯಲ್ಲಿ ಎಷ್ಟು ಬಂತು ಅಂತ ಹೇಳುವುದಿಲ್ಲ. ಆ ವರ್ಷವಿಡೀ ಅಕ್ಕಿರೊಟ್ಟಿ ತಿನ್ನುತ್ತಾ ಅವಳು ನಮಗೆ ಕಿಣ್ವ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳುತ್ತಿದ್ದಳು. ನನಗೆ ಅದು ಸಾಕಾಗಿತ್ತು.

ಕನ್ನಡ ಶಾಲೆಯನ್ನು "ಹನ್ನೊಂದನೇ ಕ್ಲಾಸು, ಓದು ಜಾಸ್ತಿ" ಅಂತ ಮೊದಲು ಬಿಡಿಸುವ ಮನೆಗಳಿಗೂ ಒಂದು ಮಾತು. ಎಪಿಯಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜಪಾನೀಸ್, ಚೈನೀಸ್ ಇವೆ, ಕನ್ನಡ ಇಲ್ಲ. ಆದರೆ ಎರಡು ಭಾಷೆ ಬಲ್ಲ ಮಕ್ಕಳ ಡಿಪ್ಲೊಮಾದ ಮೇಲೆ ಸೀಲ್ ಆಫ್ ಬೈಲಿಟರಸಿ ಹಾಕುವ ಪದ್ಧತಿ ಮೊದಲು ಬಂದದ್ದೇ ನಮ್ಮ ರಾಜ್ಯದಲ್ಲಿ, 2011ರ ಕಾನೂನಿನಿಂದ. ಕನ್ನಡವನ್ನು ಅದಕ್ಕೆ ಒಪ್ಪುತ್ತಾರೆಯೇ ಎಂದು ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಕೇಳಿ. ನಾವು ಕೇಳದಿದ್ದರೆ ಯಾರು ಕೇಳುತ್ತಾರೆ?

ಫೆಬ್ರವರಿಯ ಎರಡನೇ ಭಾನುವಾರ ಕನ್ನಡ ಶಾಲೆ ಮುಗಿದ ಮೇಲೆ ಒಂದು ಗಂಟೆ ಎಲ್ಲರೂ ಕೂತು ಮಾತಾಡೋಣ. ಕಾಲೇಜಿಗೆ ಹೋಗಿರುವ ನಮ್ಮದೇ ಮೂವರು ಮಕ್ಕಳು ಬರುತ್ತಾರೆ. ನನ್ನ ಮಗನೂ ಬರುತ್ತೇನೆ ಅಂದಿದ್ದಾನೆ, ಆ ಸಿ ಗ್ರೇಡಿನ ಕಥೆ ಅವನೇ ಹೇಳುತ್ತಾನಂತೆ. ನಿಮ್ಮ ಸ್ಕೂಲಿನ ಕೋರ್ಸ್ ಪಟ್ಟಿ ತನ್ನಿ. ಮಕ್ಕಳನ್ನು ಕರೆತನ್ನಿ, ಅವರಿಗೂ ಕುರ್ಚಿ ಹಾಕಿರುತ್ತೇವೆ. ಕಾಫಿ ಸಂಘದ್ದು.