ಹೇಮಾವತಿ ಹಿನ್ನೀರಿನಿಂದ ಕಡಲಿನವರಿಗೆ ಥ್ಯಾಂಕ್ಸ್

ಗೊರೂರು ಹಿನ್ನೀರಿನಲ್ಲಿ ಮಕ್ಕಳಿಗೆ ಹಾಯಿದೋಣಿ ನಡೆಸಲು ಕಲಿಸುವ ನಮ್ಮ ಮೊದಲ ತಂಡದ ತರಬೇತಿ ಮುಗಿದಿದೆ. ತಾವೇ ಹಾಯಿ ಕಟ್ಟಿ, ಓರೆಯಾಗಿ ಗಾಳಿಗೆ ಎದುರು ಸಾಗಿ, ಬೇಕೆಂದೇ ಮಗುಚಿದ ದೋಣಿಯನ್ನು ಎತ್ತಿ ನಿಲ್ಲಿಸಿ ದಡ ಸೇರುವಷ್ಟು ಮಕ್ಕಳು ಕಲಿತಿದ್ದಾರೆ. ಹಾಸನಕ್ಕೆ ಕಡಲಿಲ್ಲ. ಇಲ್ಲಿ ಕಲಿಸಿದ್ದರಲ್ಲಿ ಬಹುಪಾಲು ಕಡಲಿನ ಜನ ಪೆಟ್ಟು ತಿಂದು ಕಲಿತು, ಬರೆದಿಟ್ಟು, ಬೇಕಾದವರು ಓದಿಕೊಳ್ಳಲಿ ಎಂದು ಬಿಟ್ಟದ್ದು. ಅದನ್ನು ನಮ್ಮ ನೀರಿಗೆ ಹೊಂದಿಸಿಕೊಟ್ಟವರು ಊರಿನ ಮೀನುಗಾರರು, ಟಾರ್ಪಾಲಿನ್ ಹೊಲಿಯುವವರು, ವೆಲ್ಡಿಂಗ್ ಶಾಪಿನವರು. ಯಾವುದಕ್ಕೆ ಯಾರಿಗೆ ಋಣಿಗಳು ಎಂದು ಬಿಡಿಸಿ ಹೇಳುವುದೇ ಸರಿ ಎನಿಸಿತು.

ಮೊದಲ ನಮಸ್ಕಾರ ಅಂತರರಾಷ್ಟ್ರೀಯ ಕಡಲ ಸಂಸ್ಥೆಗೆ, ಅಂದರೆ ಐಎಂಒಗೆ. 1948ರಲ್ಲಿ ಜಿನೀವಾದಲ್ಲಿ ಒಪ್ಪಂದವಾಗಿ ಹುಟ್ಟಿದ, ಲಂಡನ್ನಿನಲ್ಲಿ ಕಚೇರಿ ಇರುವ ಸಂಸ್ಥೆ ಅದು. ದೋಣಿ ದೋಣಿಗೆ ಡಿಕ್ಕಿಯಾಗದಂತೆ ಅದು 1972ರಲ್ಲಿ ಮಾಡಿದ ನಿಯಮಗಳು 1977ರ ಜುಲೈ 15ರಿಂದ ಜಾರಿಯಲ್ಲಿವೆ. ಕಡಲ ಹಡಗು ಬಾರದ ಒಳನಾಡಿನ ಜಲಾಶಯಕ್ಕೆ ಅವು ಕಾನೂನಾಗಿ ಅನ್ವಯಿಸುವುದಿಲ್ಲ. ಆದರೂ ಅವಕ್ಕಿಂತ ಚೆನ್ನಾಗಿ ಯೋಚಿಸಿದ ನಿಯಮ ಬೇರೆ ಸಿಗಲಿಲ್ಲ, ಹಾಗಾಗಿ ನಾವಾಗಿಯೇ ಒಪ್ಪಿಕೊಂಡೆವು. 12ನೇ ನಿಯಮ ಮಕ್ಕಳಿಗೆಲ್ಲ ಬಾಯಿಪಾಠ: ಎರಡು ಹಾಯಿದೋಣಿಗಳಿಗೆ ಬೇರೆ ಬೇರೆ ಬದಿಯಿಂದ ಗಾಳಿ ಬೀಸುತ್ತಿದ್ದರೆ, ಎಡಬದಿಗೆ ಗಾಳಿ ತಾಗುತ್ತಿರುವ ದೋಣಿ ದಾರಿ ಬಿಡಬೇಕು. ಎರಡಕ್ಕೂ ಒಂದೇ ಬದಿಯ ಗಾಳಿಯಾದರೆ, ಗಾಳಿ ಬರುವ ಕಡೆಗಿರುವ ದೋಣಿ ಬಿಡಬೇಕು.

ನಮಗೆ ಅದಕ್ಕಿಂತ ದೊಡ್ಡದು 18ನೇ ನಿಯಮ. ಹಾಯಿದೋಣಿಗೆ ಮೋಟರ್ ಬೋಟು ದಾರಿ ಬಿಡುತ್ತದೆ ಎಂಬುದನ್ನು ಎಲ್ಲರೂ ಬೇಗ ನೆನಪಿಟ್ಟುಕೊಳ್ಳುತ್ತಾರೆ. ಬಲೆ ಹಾಕಿ ಮೀನು ಹಿಡಿಯುತ್ತಿರುವವರಿಗೆ ಹಾಯಿದೋಣಿಯೇ ದಾರಿ ಬಿಡಬೇಕು ಎಂಬ ಮುಂದಿನ ಮಾತು ಮರೆತುಹೋಗುತ್ತದೆ. ಹಿನ್ನೀರಿನಲ್ಲಿ ದಿನವೂ ಬೇಕಾಗುವುದು ಅದೇ. ಹರಿಗೋಲಿನವರು ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುತ್ತಾರೆ. ಅವರು ಎತ್ತಿ ಮುಗಿಸುವ ತನಕ ನಾವು ನೀರಿಗೆ ಇಳಿಯುವುದಿಲ್ಲ ಎಂದು ಗೊತ್ತು ಮಾಡಿಕೊಂಡೆವು. ಎತ್ತದೆ ಉಳಿದ ಬಲೆ ಯಾವ ಮೂಲೆಯಲ್ಲಿದೆ ಎಂದು ಅಣ್ಣಂದಿರು ಪ್ರತಿ ಬೆಳಗ್ಗೆ ಕೈ ತೋರಿಸಿ ಹೇಳಿಹೋಗುತ್ತಿದ್ದರು. ತೇಲುವ ಥರ್ಮಾಕೋಲ್ ತುಂಡು ಒಂದೇ ಕಂಡರೆ ಬಲೆ ಯಾವ ಕಡೆಗೆ ಹರಡಿದೆ ಎಂದು ತಿಳಿಯದು. ಎರಡನೆಯದು ಕಣ್ಣಿಗೆ ಬೀಳುವವರೆಗೆ ಆ ಕಡೆ ಹೋಗಬಾರದು ಎಂದು ಕಲಿಸಿದ್ದೂ ಅವರೇ. ತಪ್ಪಿ ಬಲೆಯ ಮೇಲೆ ಬಂದುಬಿಟ್ಟರೆ ಮೊದಲು ಹಾಯಿಯ ಹಗ್ಗ ಸಡಿಲಿಸಬೇಕು, ಆಮೇಲೆ ದೋಣಿ ಅಡ್ಡಕ್ಕೆ ಜಾರದಂತೆ ನೀರಿನೊಳಕ್ಕೆ ಇಳಿಬಿಟ್ಟ ನಡುವಿನ ಹಲಗೆ ಮೇಲೆತ್ತಬೇಕು, ಕೊನೆಗೆ ಚುಕ್ಕಾಣಿ. ಹಾಯಿ ಬಿಗಿಯಾಗಿರುವಾಗಲೇ ಹಲಗೆ ಎತ್ತಿದರೆ ದೋಣಿ ಅಡ್ಡಕ್ಕೆ ಜಾರಿ ಬಲೆಯನ್ನು ಇನ್ನಷ್ಟು ಸುತ್ತಿಕೊಳ್ಳುತ್ತದೆ.

ಮಕ್ಕಳ ದೋಣಿ ಆಪ್ಟಿಮಿಸ್ಟ್ ಮಾದರಿಯದು. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ರೂಪಿಸಿದ್ದು. ಉದ್ದ 2.3 ಮೀಟರ್ ಚಿಲ್ಲರೆ, ಬರಿದೋಣಿಯ ತೂಕ 35 ಕಿಲೋ, ಇಬ್ಬರು ಹೊತ್ತು ನಡೆಯಬಹುದು. ಇದರಲ್ಲಿ ಮೂರು ಗಾಳಿಚೀಲಗಳಿವೆ. ಒಂದರ ಪಟ್ಟಿ ಸಡಿಲವಾಗಿದ್ದರೂ ಮಗುಚಿದಾಗ ಚೀಲ ಮೇಲಕ್ಕೆ ಉಬ್ಬಿ, ದೋಣಿ ಒಂದು ಮೂಲೆ ಮುಳುಗಿಸಿಕೊಂಡು ತೇಲುತ್ತದೆ, ಎಷ್ಟು ನೀರು ಹೊರಚೆಲ್ಲಿದರೂ ಖಾಲಿಯಾಗದು. ಆದ್ದರಿಂದ ಇಳಿಯುವ ಮುಂಚೆ ಚೀಲ ಒತ್ತಿ ನೋಡುವುದು, ಪಟ್ಟಿ ಎಳೆದು ನೋಡುವುದು, ನೀರು ಚೆಲ್ಲುವ ಡಬ್ಬವನ್ನು ದಾರದಿಂದ ಕಟ್ಟುವುದು. ಲೈಫ್ ಜಾಕೆಟ್ಟಿಗೆ ತೊಡೆಸಂದಿಯ ಪಟ್ಟಿ ಇಲ್ಲದಿದ್ದರೆ ಮಗು ನೀರಿಗೆ ಬಿದ್ದಾಗ ಜಾಕೆಟ್ ಕಿವಿವರೆಗೆ ಏರುತ್ತದೆ. ಆ ಪಟ್ಟಿಗಳನ್ನು ಮನೆಯಲ್ಲೇ ಹೊಲಿದು ತಂದ ಅಮ್ಮಂದಿರಿಗೆ ಎಷ್ಟು ವಂದಿಸಿದರೂ ಸಾಲದು.

ಆಳದ ನಕ್ಷೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. ಕಡಲ ನಕ್ಷೆಯಲ್ಲಿ ಆಳವನ್ನು ಇಳಿತದ ಅತಿ ಕೆಳಗಿನ ಮಟ್ಟದಿಂದ ಬರೆಯುತ್ತಾರೆ. ಹಾಗಾಗಿ ನಿಜವಾದ ಆಳ ಸಾಮಾನ್ಯವಾಗಿ ಬರೆದದ್ದಕ್ಕಿಂತ ಹೆಚ್ಚೇ ಇರುತ್ತದೆ, ನಾವಿಕ ಬಚಾವಾಗುತ್ತಾನೆ. ಜಲಾಶಯದಲ್ಲಿ ಹಿಡಿಯಲು ಸಿಗುವ ಗಟ್ಟಿ ಗುರುತು ಎಂದರೆ ಭರ್ತಿ ಮಟ್ಟ, ಹೇಮಾವತಿಗೆ ಅದು ಸಮುದ್ರಮಟ್ಟದಿಂದ 2922 ಅಡಿ. ಎಲ್ಲ ಆಳವನ್ನೂ ಆ ಮಟ್ಟಕ್ಕೆ ಲೆಕ್ಕ ಹಾಕಿ ಬರೆದು, ಅವತ್ತಿನ ಮಟ್ಟ ಎಷ್ಟು ಅಡಿ ಕಡಿಮೆಯಿದೆಯೋ ಅಷ್ಟನ್ನು ಕಳೆಯಬೇಕು. ನಕ್ಷೆಯಲ್ಲಿ 12 ಅಡಿ ಆಳದಲ್ಲಿರುವ ಮರದ ಬೊಡ್ಡೆ, ಮಟ್ಟ 2912ಕ್ಕೆ ಇಳಿದ ದಿನ ಎರಡೇ ಅಡಿ ಕೆಳಗಿರುತ್ತದೆ. ಶೆಟ್ಟಿಹಳ್ಳಿ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಬರಿನೆಲದ ಮೇಲೆ ನಿಲ್ಲುವುದನ್ನು ನೋಡಿದವರಿಗೆ ಈ ಲೆಕ್ಕದ ಬೆಲೆ ಬೇಗ ಅರ್ಥವಾಗುತ್ತದೆ. ಅಳೆದದ್ದು ಹಳೆಯ ನಾವಿಕರ ಪದ್ಧತಿಯಲ್ಲಿ, ಗುಂಡು ಕಟ್ಟಿದ ಹಗ್ಗ ಬಿಟ್ಟು. ಸೀಸ ನೀರಿಗೆ ಒಳ್ಳೆಯದಲ್ಲ, ಆದ್ದರಿಂದ ವೆಲ್ಡಿಂಗ್ ಶಾಪಿನವರು ಕಬ್ಬಿಣದ ಗುಂಡು ಮಾಡಿ ಅದರ ತಳದಲ್ಲಿ ಬೆರಳ ತುದಿ ಹಿಡಿಯುವಷ್ಟು ಗುಳಿ ಕೊರೆದುಕೊಟ್ಟರು. ಆ ಗುಳಿಗೆ ಜೇನುಮೇಣ ಮೆತ್ತಿ ಬಿಟ್ಟರೆ ತಳದ ಮರಳೋ ಕೆಸರೋ ಅಂಟಿಕೊಂಡು ಬರುತ್ತದೆ. ಏನೂ ಅಂಟದೆ ಮೇಣದಲ್ಲಿ ತಗ್ಗು ಮಾತ್ರ ಬಿದ್ದಿದ್ದರೆ ಅಲ್ಲಿ ಕಲ್ಲು ಅಥವಾ ಬೊಡ್ಡೆ. ಅಂಥ ಕಡೆ ಲಂಗರು ಹಾಕಲೇಬೇಕಾದರೆ ಅದರ ಕೊಕ್ಕೆಗಳು ಕೂಡುವ ತುದಿಗೆ ಇನ್ನೊಂದು ತೆಳು ಹಗ್ಗ ಕಟ್ಟಿ ತೇಲುಬುರುಡೆ ಬಿಡಬೇಕು. ಸಿಕ್ಕಿಕೊಂಡರೆ ಆ ಹಗ್ಗ ಹಿಡಿದು ಹಿಂದಕ್ಕೆ ಎಳೆದರೆ ಬಿಡಿಸಿಕೊಳ್ಳುತ್ತದೆ.

ವೇಗ ಅಳೆಯಲು ಯಂತ್ರ ಬೇಕಿಲ್ಲ. ಮುಂಬದಿಯಲ್ಲಿ ಒಂದು ಒಣ ಕಡ್ಡಿ ಹಾಕಿ, ಅದು ಹಿಂಬದಿ ದಾಟಲು ಎಷ್ಟು ಸೆಕೆಂಡ್ ಎಂದು ಎಣಿಸಬೇಕು. ದೋಣಿಯ ಉದ್ದವನ್ನು ಮೀಟರಿನಲ್ಲಿ ತೆಗೆದುಕೊಂಡು ಸೆಕೆಂಡಿನಿಂದ ಭಾಗಿಸಿ 1.94ರಿಂದ ಗುಣಿಸಿದರೆ ಕಡಲಿನವರ ವೇಗದ ಅಳತೆಯಾದ ನಾಟ್ ಲೆಕ್ಕ ಬರುತ್ತದೆ. 4.2 ಮೀಟರ್ ದೋಣಿ, 3 ಸೆಕೆಂಡ್ ಆದರೆ ಸುಮಾರು 2.7 ನಾಟ್, ಅಂದರೆ ಗಂಟೆಗೆ 5 ಕಿಲೋಮೀಟರ್. ಇದರ ಜೊತೆ ದಿಕ್ಸೂಚಿ ಸೇರಿದರೆ ಮಂಜು ಕವಿದ ಬೆಳಗ್ಗೆಯೂ ಎಲ್ಲಿದ್ದೇವೆ ಎಂದು ಅಂದಾಜಿಸಬಹುದು. ದಿಕ್ಸೂಚಿಯ ಪಕ್ಕ ಮೊಬೈಲ್ ಇಟ್ಟರೆ ಎಲ್ಲ ಲೆಕ್ಕವೂ ತಲೆಕೆಳಗು, ಅದರ ಸ್ಪೀಕರಿನಲ್ಲಿ ಅಯಸ್ಕಾಂತವಿದೆ.

ಹಾಯಿ ಹರಿದಾಗ ಕೈಹಿಡಿದವರು ಲಾರಿ ಟಾರ್ಪಾಲಿನ್ ಹೊಲಿಯುವ ಅಣ್ಣ. ನೇರ ಹೊಲಿಗೆ ಹಾಯಿಗೆ ಆಗದು, ಗಾಳಿ ತುಂಬಿ ಬಟ್ಟೆ ಹಿಗ್ಗಿದಾಗ ನೂಲು ಹಿಗ್ಗದೆ ಕಡಿಯುತ್ತದೆ. ಅಂಕುಡೊಂಕಾಗಿ ಹೊಲಿಯಬೇಕು, ಪಾಲಿಯೆಸ್ಟರ್ ನೂಲೇ ಬೇಕು. ಹತ್ತಿ ನೂಲು ಬಿಸಿಲು, ನೀರಿಗೆ ಬೇಗ ಲಡ್ಡಾಗುತ್ತದೆ. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿದ್ದು ಅವರದೇ ಬುದ್ಧಿ: ಚೂಪು ಮೂಲೆ ಮೊದಲು ಏಳುತ್ತದೆ. ಫೈಬರ್ ರಿಪೇರಿ ಮಾಡಿಕೊಟ್ಟವರಿಗೂ ವಂದನೆ. ಒಡಕಿನ ಒಳಗೆ ತೇವ ಉಳಿದರೆ ರೆಸಿನ್ ಹಿಡಿಯುವುದಿಲ್ಲ ಎಂದು ಅವರು ಮಳೆ ಬಿಡುವವರೆಗೆ ಕೆಲಸಕ್ಕೆ ಕೈಹಾಕಲಿಲ್ಲ, ಅದೇ ಸರಿಯಾಯಿತು.

ಇನ್ನು ನೀರಿನ ಶುಚಿಯ ಮಾತು. ಜಗತ್ತಿನ ಹಾಯಿದೋಣಿ ಕ್ರೀಡೆಯನ್ನು ನೋಡಿಕೊಳ್ಳುವ ವರ್ಲ್ಡ್ ಸೇಲಿಂಗ್ 1907ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು. ಅದರ ಸ್ಪರ್ಧಾ ನಿಯಮಗಳಲ್ಲಿ 47ನೆಯದು, ಬೇಕೆಂದು ನೀರಿಗೆ ಕಸ ಹಾಕಬಾರದು ಎನ್ನುತ್ತದೆ. ದೋಣಿಯಲ್ಲೇ ಮನೆ ಮಾಡಿಕೊಂಡ ಕೆಲವರು 1952ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಸೆವೆನ್ ಸೀಸ್ ಕ್ರೂಸಿಂಗ್ ಅಸೋಸಿಯೇಷನ್, ಹಾದುಹೋದಲ್ಲಿ ಕೊಳೆ ಬಿಡಬಾರದು ಎಂಬುದನ್ನೇ ತನ್ನ ನಡೆಯಾಗಿ ಇಟ್ಟುಕೊಂಡಿತು. ಹಡಗಿನಿಂದ ಪ್ಲಾಸ್ಟಿಕ್ಕನ್ನು ಕಡಲಿನ ಯಾವ ಮೂಲೆಯಲ್ಲೂ ಎಸೆಯುವಂತಿಲ್ಲ ಎಂದು ಐಎಂಒದ ಮಾರ್ಪೋಲ್ ಒಪ್ಪಂದ 1988ರ ಕೊನೆಯಿಂದ ಕಟ್ಟುಮಾಡಿದೆ. ಹಾಸನ ಜಿಲ್ಲೆಯವರಿಗೆ ಇದು ದೂರದ ಮಾತಲ್ಲ. ಯಗಚಿ ಹೇಮಾವತಿಗೆ, ಹೇಮಾವತಿ ಕಾವೇರಿಗೆ ಸೇರಿ ಬಂಗಾಳಕೊಲ್ಲಿ ಮುಟ್ಟುತ್ತದೆ. ಸಕಲೇಶಪುರದ ಆಚೆ ಬದಿಯ ಕೆಂಪುಹೊಳೆಯ ನೀರು ಕುಮಾರಧಾರೆ, ನೇತ್ರಾವತಿಯ ಮೂಲಕ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಇಲ್ಲಿ ಎಸೆದ ಕವರಿಗೆ ಎರಡು ಕಡಲಿಗೂ ದಾರಿಯಿದೆ.

ಹಾಗಾಗಿ ಕತ್ತರಿಸಿದ ನೈಲಾನ್ ಹಗ್ಗದ ತುದಿ, ಹೊಲಿಗೆಯ ನೂಲು, ಫೈಬರ್ ಉಜ್ಜಿದ ಪುಡಿ ಎಲ್ಲವನ್ನೂ ಚೀಲಕ್ಕೆ ತುಂಬಿ ವಾಪಸ್ ತಂದೆವು. ದೋಣಿಯ ತಳಕ್ಕೆ ಪಾಚಿ ತಡೆಯುವ ವಿಷದ ಬಣ್ಣ ಬಳಿಯಲೇ ಇಲ್ಲ. ದಿನವೂ ದಡಕ್ಕೆ ಎಳೆದಿಡುವ ದೋಣಿಗೆ ಅದು ಬೇಡ, ತೆಂಗಿನ ನಾರಿನಿಂದ ಉಜ್ಜಿದರೆ ಸಾಕು. ಬೇರೆ ಕೆರೆಗೆ ಒಯ್ಯುವ ಮುಂಚೆ ಗಾಳಿಚೀಲದ ಹಿಂದೆ, ಹಲಗೆಯ ಸಂದಿಯಲ್ಲಿ ಅಂತರಗಂಗೆಯ ಚೂರು ಇದೆಯೇ ಎಂದು ಕೈಯಾಡಿಸಿ ನೋಡಿ, ಬಿಸಿಲಿಗೆ ಚೆನ್ನಾಗಿ ಒಣಗಿಸುವುದು ಕಡ್ಡಾಯ. ಒಂದು ಗಿಡದ ತುಂಡಿನಿಂದ ಕೆರೆಯೇ ಮುಚ್ಚಿಹೋಗಬಲ್ಲದು.

ಆಳದ ನಕ್ಷೆಯ ಪ್ರತಿಗಳನ್ನು ಮೀನುಗಾರ ಅಣ್ಣಂದಿರಿಗೆ ಕೊಟ್ಟಿದ್ದೇವೆ. ಅವರು ಈಗಾಗಲೇ ಎರಡು ಕಡೆ ತಿದ್ದಿಕೊಟ್ಟಿದ್ದಾರೆ, ಅದಕ್ಕೂ ಥ್ಯಾಂಕ್ಸ್. ಮುಂಗಾರಿನ ಗಾಳಿ ಇಳಿದ ಮೇಲೆ ಎರಡನೇ ತಂಡ ಶುರುವಾಗುತ್ತದೆ. ಅಷ್ಟರಲ್ಲಿ ಮೂರು ಹಾಯಿಗಳ ಅಂಚು ಹೊಲಿಸಬೇಕಿದೆ. ಮನೆಯಲ್ಲಿ ದಪ್ಪ ಪಾಲಿಯೆಸ್ಟರ್ ನೂಲಿನ ಉಂಡೆ ಇದ್ದವರು ಕೊಟ್ಟರೆ ಉಪಕಾರವಾಗುತ್ತದೆ.