ಪಂಪಿನ ಬಾಡಿಗೆ, ತೊಳೆಯುವ ಚಾರ್ಜು: ನಮ್ಮ ಗ್ರಾಹಕರಿಗೆ ಒಂದು ಪತ್ರ

ಎಲ್ಲರಿಗೂ ನಮಸ್ಕಾರ.

ಬರುವ ಸೋಮವಾರದಿಂದ, ಬೆಳೆಗೆ ಔಷಧಿ ಹೊಡೆಯಲು ಬಾಡಿಗೆಗೆ ಕೊಡುವ ನಮ್ಮ 16 ಲೀಟರಿನ ಬ್ಯಾಟರಿ ಪಂಪುಗಳು ಎರಡು ಗುಂಪಾಗುತ್ತವೆ. ಕೆಂಪು ಪಟ್ಟಿ ಬಳಿದಿರುವುದು ಹುಲ್ಲಿನ ಔಷಧಿಗೆ, ಅಂದರೆ ಕಳೆ ಸಾಯಿಸುವ ಔಷಧಿಗೆ ಮಾತ್ರ. ಹಸಿರು ಪಟ್ಟಿಯದು ಹುಳ ಮತ್ತು ರೋಗದ ಔಷಧಿಗೆ ಮಾತ್ರ. ಇಲ್ಲಿಯವರೆಗೆ ಯಾವ ಪಂಪಾದರೂ ದಿನಕ್ಕೆ 100 ರೂಪಾಯಿ ಇತ್ತು. ಇನ್ನು ಮುಂದೆ ತೊಳೆಯುವ ಚಾರ್ಜು ಸೇರಿ ಹಸಿರಿಗೆ 120, ಕೆಂಪಿಗೆ 150. ಸಂಜೆ 5ರೊಳಗೆ ಪಂಪು ವಾಪಸ್ ಬರಬೇಕು. ಕೆಂಪು ಪಂಪು ಆ ರಾತ್ರಿ ನಮ್ಮಲ್ಲೇ ನೆನೆಯುತ್ತದೆ, ಮಾರನೇ ದಿನ ಮಧ್ಯಾಹ್ನದವರೆಗೆ ಯಾರಿಗೂ ಕೊಡುವುದಿಲ್ಲ.

ಇದನ್ನು ಬೋರ್ಡಿನಲ್ಲಿ ಬರೆದ ಎರಡೇ ದಿನಕ್ಕೆ ಮಾತು ಶುರುವಾಯಿತು. "ಇವರೂ ದುಡ್ಡು ಮಾಡೋಕೆ ಕೂತರು" ಅಂತ ಸಂತೆಯಲ್ಲಿ ಆಡಿದ್ದು ನಮ್ಮ ಕಿವಿಗೂ ಬಿತ್ತು. ನಮ್ಮನ್ನು ಇಷ್ಟು ವರ್ಷದಿಂದ ಬಲ್ಲವರೇ ಹಾಗೆ ಹೇಳಿದಾಗ ಬೇಜಾರಾಗುತ್ತದೆ. ಸುಮ್ನೆ ಕೂತರೆ ಆ ಮಾತೇ ನಿಜ ಅಂತಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇವೆ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇವೆ. ಹೋದ ಮಳೆಗಾಲದಲ್ಲಿ ಆಲೂರು ರಸ್ತೆಯ ಕಡೆಯ ರೈತರೊಬ್ಬರು ಟೊಮ್ಯಾಟೊಗೆ ಹುಳದ ಔಷಧಿ ಹೊಡೆಯಲು ಪಂಪು ಒಯ್ದರು. ವಾರದೊಳಗೆ ಗಿಡದ ಕುಡಿಯೆಲ್ಲ ಕೆಳಗೆ ಬಾಗಿತು. ಹೊಸ ಎಲೆ ಅಗಲ ಕಳೆದುಕೊಂಡು ದಾರದ ಹಾಗೆ ಬಂತು. ಬಿಳಿ ನೊಣದಿಂದ ಬರುವ ಎಲೆ ಮುರುಟು ರೋಗ ಅಂತ ಅವರೂ ಅಂದುಕೊಂಡರು, ನಾವೂ ಅಂದುಕೊಂಡೆವು. ಹೊಲಕ್ಕೆ ಹೋಗಿ ಬದುವಿನ ಮೇಲೆ ನಿಂತು ನೋಡಿದಾಗ ಅನುಮಾನ ಬಂತು. ರೋಗ ಅಲ್ಲೊಂದು ಗಿಡ ಇಲ್ಲೊಂದು ಗಿಡ ಹಿಡಿಯುತ್ತದೆ. ಇಲ್ಲಿ ಮೊದಲ ಪಂಪು ಖಾಲಿಯಾಗುವವರೆಗಿನ ಆರು ಸಾಲು ಪೂರ್ತಿ ಸುರುಟಿತ್ತು. ಎರಡನೇ ಪಂಪಿನ ಸಾಲು ಅರ್ಧಂಬರ್ಧ. ಮೂರನೆಯದರಿಂದ ಗಿಡ ಚೆನ್ನಾಗಿಯೇ ಇತ್ತು. ಅಂಗಡಿಗೆ ಬಂದು ಪುಸ್ತಕ ತೆಗೆದೆವು. ಹಿಂದಿನ ದಿನ ಅದೇ ಪಂಪು ಮುಸುಕಿನ ಜೋಳಕ್ಕೆ 2,4-ಡಿ ಅನ್ನುವ ಹುಲ್ಲಿನ ಔಷಧಿ ಹೊಡೆಯಲು ಹೋಗಿತ್ತು. ಸಂಜೆ ತಡವಾಗಿ ಬಂದಿತ್ತು. ನಾವು ಒಂದು ಕೊಡ ನೀರು ಹಾಕಿ ಕುಲುಕಿ ಚೆಲ್ಲಿ, ಬೆಳಿಗ್ಗೆ ಕೊಟ್ಟುಬಿಟ್ಟಿದ್ದೆವು.

ಆ ರೈತರಲ್ಲಿ ಕ್ಷಮೆ ಕೇಳಿದ್ದೇವೆ. ಸಸಿಯ ದುಡ್ಡು, ಕೂಲಿಯ ದುಡ್ಡು ಕೊಟ್ಟಿದ್ದೇವೆ. ಹೋದ ಫಸಲು ಕೊಡಲು ನಮ್ಮಿಂದ ಆಗಲಿಲ್ಲ. ಅವರು ಒಂದು ಗಟ್ಟಿ ಮಾತೂ ಆಡಲಿಲ್ಲ. ಅದೇ ನಮಗೆ ಇನ್ನೂ ಚುಚ್ಚುತ್ತದೆ.

2,4-ಡಿ ಕೆಟ್ಟ ಔಷಧಿ ಅಂತ ನಾವು ಹೇಳುತ್ತಿಲ್ಲ. ಅದು ಕೊಲ್ಲುವುದು ಅಗಲ ಎಲೆಯ ಕಳೆಯನ್ನು. ಜೋಳ, ಭತ್ತ, ಕಬ್ಬು ಇವೆಲ್ಲ ಹುಲ್ಲಿನ ಜಾತಿ, ಅಳತೆ ಮೀರದಿದ್ದರೆ ತಡೆದುಕೊಳ್ಳುತ್ತವೆ. ಆದರೆ ಟೊಮ್ಯಾಟೊ, ಆಲೂಗಡ್ಡೆ, ಬೀನ್ಸ್, ಮೆಣಸಿನಕಾಯಿ ಎಲ್ಲವೂ ಅಗಲ ಎಲೆಯವೇ ಅಲ್ವಾ? ಕಳೆಗೂ ಬೆಳೆಗೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದರಲ್ಲೂ ಟೊಮ್ಯಾಟೊ ಬಹಳ ನಾಜೂಕು, ಪೈಪಿನಲ್ಲಿ ಉಳಿದ ಚೂರು ಸಾಕು. ಜೋಳ ಬೆಳೆಯುವವರ ಹೊಲದಲ್ಲಿ ಏನೂ ಆಗಿರುವುದಿಲ್ಲ, ಹಾಗಾಗಿ "ನಾವು ಹೊಡೆದಾಗ ಏನೂ ಆಗಲಿಲ್ಲವಲ್ಲ" ಅನ್ನುತ್ತಾರೆ. ಅವರದೂ ತಪ್ಪಲ್ಲ.

ಈಗ ಎಲ್ಲರೂ ಕೇಳುವ ಪ್ರಶ್ನೆ. "ನಾವೇ ತೊಳೆದು ತಂದು ಕೊಡುತ್ತೇವಲ್ಲ, ಮತ್ತೆ ನಿಮಗೆ ತೊಳೆಯುವ ಚಾರ್ಜು ಯಾಕೆ?" ಈ ಮಾತು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದೇವೆ. ನೀವು ತೊಳೆಯುತ್ತೀರಿ, ನಿಜ. ಬಹಳ ಜನ ಹೊರಗಡೆಯೂ ಉಜ್ಜಿ, ಹೊಸದರ ಹಾಗೆ ತಂದಿಡುತ್ತಾರೆ. ಆದರೆ ಔಷಧಿ ಕೂತಿರುವುದು ಕಣ್ಣಿಗೆ ಕಾಣುವ ಕಡೆ ಅಲ್ಲ. ಮೊನ್ನೆ ಹಾಗೆ ಫಳಫಳ ಅನ್ನುತ್ತಿದ್ದ ಒಂದು ಪಂಪನ್ನು ತಂದವರ ಎದುರಿಗೇ ಬಿಚ್ಚಿದೆವು. ಹಿಡಿಯೊಳಗಿನ ಜಾಲರಿಯನ್ನು ತೆಗೆದು ಬಿಳಿ ತಟ್ಟೆಯಲ್ಲಿ ಕುಟ್ಟಿದರೆ ಹಳದಿ ಗಸಿ ಬಿತ್ತು, ಬೆರಳ ತುದಿಯಷ್ಟು. ಅಂಗಮಾರಿ ರೋಗಕ್ಕೆ ಹೊಡೆದ ಮ್ಯಾಂಕೋಜೆಬ್ ಔಷಧಿ ಅದು. ಮುಚ್ಚಳದ ವಾಷರ್ ಕೆಳಗೆ ಇನ್ನೊಂದು ಸುತ್ತು. ಅವರು ನೋಡಿ "ಅಯ್ಯೋ, ಇಲ್ಲಿ ಕೂತಿರುತ್ತಾ" ಅಂದರು. ಅಲ್ಲೇ ಕೂತಿರುತ್ತದೆ. ಟ್ಯಾಂಕಿನ ತಳ, ಪೈಪು, ಜಾಲರಿ, ನಾಜಲ್, ವಾಷರ್. ಟ್ಯಾಂಕಿಗೆ ನೀರು ಹಾಕಿ ಕವುಚಿದರೆ ಪೈಪಿನೊಳಗಿನದು ಹೊರಗೇ ಬರುವುದಿಲ್ಲ.

ಎರಡನೆಯದು, ಒಂದೇ ಸಲ ತುಂಬಾ ನೀರು ಹಾಕಿ ತೊಳೆಯುವ ಅಭ್ಯಾಸ. ಲೆಕ್ಕ ಹಾಕಿ ನೋಡಿ. ಖಾಲಿಯಾದ ಪಂಪಿನ ತಳದಲ್ಲಿ, ಪೈಪಿನಲ್ಲಿ ಸೇರಿ 200 ಮಿಲಿ ಉಳಿದಿದೆ ಅಂತಿಟ್ಟುಕೊಳ್ಳೋಣ. 6 ಲೀಟರ್ ನೀರನ್ನು ಒಂದೇ ಸಲ ಹಾಕಿದರೆ ಔಷಧಿ 31 ಪಾಲು ತೆಳುವಾಗುತ್ತದೆ. ಅದೇ 6 ಲೀಟರನ್ನು 2 ಲೀಟರಿನಂತೆ ಮೂರು ಸಲ ಹಾಕಿ, ಪ್ರತಿ ಸಲ ಕುಲುಕಿ, ನಾಜಲ್ ಮೂಲಕವೇ ಪೂರ್ತಿ ಹೊಡೆದು ಖಾಲಿ ಮಾಡಿದರೆ? ಪ್ರತಿ ಸಲವೂ 11 ಪಾಲು. ಮೂರು ಸಲಕ್ಕೆ 1331 ಪಾಲು. ನೀರು ಒಂದು ತೊಟ್ಟೂ ಜಾಸ್ತಿ ಆಗಲಿಲ್ಲ. ಇದನ್ನು ಹೊಲದಲ್ಲೇ ಮಾಡಿ, ಈಗ ಹೊಡೆದ ಬೆಳೆಯ ಮೇಲೇ ಆ ನೀರನ್ನು ಹೊಡೆಯಿರಿ. ಅದಕ್ಕೆ ನಾವು ಚಾರ್ಜು ಕೇಳುತ್ತಿಲ್ಲ. ನಿಮ್ಮಿಂದ ಕೇಳುವುದು ಅಷ್ಟೇ, ಉಳಿದದ್ದು ನಮ್ಮ ಕೆಲಸ.

ಆ ಉಳಿದ ಕೆಲಸಕ್ಕೇ ಖರ್ಚು. ಹುಲ್ಲಿನ ಔಷಧಿಯ ಪಂಪಿಗೆ ಬರೀ ನೀರು ಸಾಲದು. ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುವ 2,4-ಡಿ ಎಸ್ಟರ್ ಇದೆಯಲ್ಲ, ಅದು ಎಣ್ಣೆಯ ಹಾಗೆ ರಬ್ಬರಿಗೆ, ಪೈಪಿಗೆ ಅಂಟಿಕೊಳ್ಳುತ್ತದೆ. ಪಂಪಿನ ತುಂಬ ನೀರಿಗೆ 100 ಗ್ರಾಂನಷ್ಟು ವಾಷಿಂಗ್ ಸೋಡಾ ಕರಗಿಸಿ, ಪೈಪಿನವರೆಗೂ ಎಳೆದು, ರಾತ್ರಿಯೆಲ್ಲ ಬಿಡುತ್ತೇವೆ. ನಾಜಲ್, ಜಾಲರಿ ಬೇರೆ ಬಕೆಟ್ಟಿನಲ್ಲಿ ನೆನೆಯುತ್ತವೆ. ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಮತ್ತೆ ಎರಡು ನೀರು. ಒಂದು ಪಂಪಿಗೆ ಮುಕ್ಕಾಲು ಗಂಟೆ ಬೇಕು. ಸೋಡಾ ಅಗ್ಗ ಅಂತ ಹೇಳುವವರು ಹುಡುಗನ ಸಂಬಳ ಲೆಕ್ಕ ಹಾಕುವುದಿಲ್ಲ. ಕೈಗವಸು, ವಾಷರ್, ಪೈಪು ಎಲ್ಲ ಬೇಗ ಹೋಗುತ್ತವೆ. ಒಂದೇ ಪಂಪು ಎರಡೂ ಕೆಲಸಕ್ಕೆ ಆಗುತ್ತಿದ್ದ ಕಡೆ ಎರಡು ಪಂಪು ಕೊಂಡಿದ್ದೇವೆ. ಕೆಂಪು ಪಂಪು ಅರ್ಧ ದಿನ ದುಡಿಯದೇ ಕೂರುತ್ತದೆ. ಇಷ್ಟೆಲ್ಲ ಆದ ಮೇಲೂ 50 ರೂಪಾಯಿಗೆ ನಮ್ಮನ್ನು ಕಳ್ಳರ ಹಾಗೆ ನೋಡಿದರೆ ಹೇಗೆ?

(ಮನೆಯಲ್ಲಿ ಸ್ವಂತ ಪಂಪು ಇರುವವರಿಗೆ ಒಂದು ಮಾತು. ಕೆಲವರು ಅಮೋನಿಯಾ ಹಾಕಿ ತೊಳೆಯುತ್ತಾರೆ, ಅದೂ ಒಳ್ಳೆಯದೇ. ಆದರೆ ಅದಕ್ಕೆ ಬ್ಲೀಚಿಂಗ್ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಕಟ್ಟಿಕೊಂಡ ನಾಜಲ್ಲನ್ನು ಬಾಯಿಂದ ಊದಬೇಡಿ.)

"ಅಷ್ಟೊಂದು ತಾಪತ್ರಯ ಯಾಕೆ, ಚಾನಲ್ಲಿನಲ್ಲಿ ಅದ್ದಿ ತೆಗೆದರೆ ಆಯ್ತು" ಅಂದವರೂ ಇದ್ದಾರೆ. ದಯವಿಟ್ಟು ಬೇಡ. ಅದೇ ನೀರನ್ನು ಮುಂದಿನ ಊರಿನ ದನ ಕುಡಿಯುತ್ತದೆ, ಇನ್ನೊಬ್ಬರ ಸಸಿಮಡಿಗೆ ಹೋಗುತ್ತದೆ. 1971ರ ಕೀಟನಾಶಕ ನಿಯಮಗಳ 44ನೇ ನಿಯಮದಲ್ಲೂ ತೊಳೆದ ನೀರು, ಉಳಿದ ಔಷಧಿ ನೀರಿನ ಮೂಲ ಕೆಡಿಸಬಾರದು ಅಂತ ಇದೆ. ನಮ್ಮ ಅಂಗಡಿಯ ಹಿಂದೆ ತಳಕ್ಕೆ ಸಿಮೆಂಟು ಹಾಕಿ, ಮೇಲೆ ಶೀಟು ಹೊದಿಸಿ ಒಂದು ತೊಟ್ಟಿ ಮಾಡಿದ್ದೇವೆ. ಅದರೊಳಗೆ ಎರಡು ಪಾಲು ಒಣ ಹುಲ್ಲು, ಒಂದು ಪಾಲು ಮಣ್ಣು, ಒಂದು ಪಾಲು ಕಳಿತ ಗೊಬ್ಬರ. ಸ್ವೀಡನ್ ದೇಶದಲ್ಲಿ 1990ರ ದಶಕದಲ್ಲಿ ಶುರುವಾದ ಕ್ರಮ ಇದು. ಹುಲ್ಲನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಔಷಧಿಯನ್ನೂ ನಿಧಾನವಾಗಿ ಒಡೆಯುತ್ತವೆ. ತೊಳೆದ ನೀರು ಅಲ್ಲಿಗೇ ಹೋಗುತ್ತದೆ. ಮೈಲುತುತ್ತ, ಸುಣ್ಣ ಕಲಸಿ ಮಾಡುವ ಬೋರ್ಡೋ ದ್ರಾವಣದ್ದು ಮಾತ್ರ ಹಾಕುವುದಿಲ್ಲ, ಮೈಲುತುತ್ತದ ತಾಮ್ರ ಕೊಳೆಯುವುದಿಲ್ಲ. ಹಾಗಾಗಿ ಸಕಲೇಶಪುರದ ಕಡೆಯ ಕಾಫಿ, ಕಾಳುಮೆಣಸಿನ ತೋಟದವರು ಬೋರ್ಡೋ ಹೊಡೆದರೆ ಮೂರು ನೀರನ್ನೂ ತೋಟದಲ್ಲೇ ಮುಗಿಸಿ ತನ್ನಿ. ಸುಣ್ಣ ಒಣಗಿದರೆ ನಾಜಲ್ಲೂ ಹೋಗುತ್ತದೆ.

ಪಂಪು ಒಯ್ಯುವಾಗ ಏನು ಹೊಡೆಯುತ್ತೀರಿ ಅಂತ ಕೇಳಿ ಬರೆದುಕೊಳ್ಳುತ್ತೇವೆ. ಅದನ್ನು ವಿಚಾರಣೆ ಅಂದುಕೊಳ್ಳಬೇಡಿ. ಹಸಿರು ಪಂಪಿನಲ್ಲಿ ಹುಲ್ಲಿನ ಔಷಧಿ ಹೊಡೆದಿದ್ದರೆ ಹೆದರದೆ ಹೇಳಿ, ದಂಡ ಹಾಕುವುದಿಲ್ಲ, ಆ ಪಂಪಿಗೆ ಕೆಂಪು ಪಟ್ಟಿ ಬಳಿದುಬಿಡುತ್ತೇವೆ. ಮುಚ್ಚಿಟ್ಟರೆ ಮಾತ್ರ ಇನ್ನೊಬ್ಬರ ಹೊಲ ಹೋಗುತ್ತದೆ.

ಆಲೂಗಡ್ಡೆ ಹಾಕಿದವರಿಗೆ ಮಳೆ ಹಿಡಿದಾಗ ವಾರ ವಾರ ಪಂಪು ಬೇಕು, ನಮಗೆ ಗೊತ್ತು. ಒಂದು ಸೀಸನ್ನಿನಲ್ಲಿ ಐದು ಸಲ ಹಸಿರು ಪಂಪು ಒಯ್ದವರಿಗೆ ಆರನೇ ಸಲದಿಂದ ಹಳೆಯ 100 ರೂಪಾಯಿಯೇ. ಸಂಜೆ 5ಕ್ಕೆ ಬರಲಾಗದ ದೂರದ ಊರಿನವರು ಬೆಳಿಗ್ಗೆಯೇ ತಿಳಿಸಿ, ಕಾಯುತ್ತೇವೆ. ನಿಮ್ಮ ಕೈಗೆ ಕೊಡುವ ಪ್ರತಿ ಪಂಪಿನ ಜಾಲರಿಯನ್ನು ನಿಮ್ಮೆದುರಿಗೇ ಬಿಚ್ಚಿ ತೋರಿಸುತ್ತೇವೆ. ಅವಸರ ಇದ್ದರೂ ಎರಡು ನಿಮಿಷ ನಿಂತು ನೋಡಿ. ಗಸಿ ಕಂಡರೆ ಅವತ್ತಿನ ಬಾಡಿಗೆ ಬೇಡ.

ಆ ಟೊಮ್ಯಾಟೊ ರೈತರು ಈ ಸಲವೂ ನಮ್ಮಲ್ಲೇ ಪಂಪು ಒಯ್ದರು. ಜಾಲರಿಯನ್ನು ಅವರೇ ಬಿಚ್ಚಿ ನೋಡಿದರು, ನಾವು ಪಕ್ಕದಲ್ಲಿ ನಿಂತಿದ್ದೆವು.

ಇಂತಿ ನಿಮ್ಮ,
ಪಂಪಿನ ಅಂಗಡಿಯವರು, ಹಾಸನ